ಸಿಪ್ಯಾಪ್ ಮಷೀನ್ ಕೊಳ್ಳುವ ಸರಿಯಾದ ಕ್ರಮ: ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯವರಿಗೆ ಸಮಗ್ರ ಮಾರ್ಗದರ್ಶಿ

ನಿದ್ದೆಯಲ್ಲಿ ಉಸಿರು ನಿಲ್ಲುವ ಕಾಯಿಲೆ, ಅಂದರೆ ಸ್ಲೀಪ್ ಆಪ್ನಿಯಾ, ಇದೆ ಅಂತ ಗೊತ್ತಾದ ವಾರದಲ್ಲೇ ಸಿಪ್ಯಾಪ್ ಮಷೀನ್ ತಂದು, ತಿಂಗಳು ತುಂಬುವುದರೊಳಗೆ ಕಪಾಟಿಗೆ ಸೇರಿಸಿದವರು ನಮ್ಮ ಕಡೆ ಬಹಳ ಮಂದಿ ಸಿಗುತ್ತಾರೆ. ಕೇಳಿದರೆ ಉತ್ತರ ಹೆಚ್ಚುಕಡಿಮೆ ಒಂದೇ: "ಹಾಕ್ಕೊಂಡ್ರ ಉಸಿರ ಕಟ್ಟಿದಂಗ ಆಗತೈತ್ರಿ, ನಿದ್ದಿನ ಬರಂಗಿಲ್ಲ." ಇವರಲ್ಲಿ ಮಷೀನ್ ಕೆಟ್ಟಿದ್ದು ಅಪರೂಪ, ಕ್ರಮ ತಪ್ಪಿದ್ದೇ ಜಾಸ್ತಿ. ಮೊದಲು ಮಷೀನ್ ಕೊಳ್ಳುತ್ತಾರೆ, ಅದರ ಜೊತೆ ಬಂದ ಮಾಸ್ಕ್ ಹಾಕಿಕೊಳ್ಳುತ್ತಾರೆ, ತ್ರಾಸಾದ ಮೇಲೆ ಡಾಕ್ಟರನ್ನು ಹುಡುಕುತ್ತಾರೆ. ಹೋಗಬೇಕಾದ್ದು ಇದರ ಉಲ್ಟಾ: ಪರೀಕ್ಷೆ, ಮಾಸ್ಕ್, ಬಾಡಿಗೆ ಮಷೀನಿನಲ್ಲಿ ಕೆಲವು ರಾತ್ರಿ, ಆಮೇಲೆ ಖರೀದಿ.

ಇನ್ನೊಂದು ಗೊಂದಲವನ್ನು ಇಲ್ಲೇ ತೆಗೆದುಬಿಡೋಣ. ಸಿಪ್ಯಾಪ್ ಆಕ್ಸಿಜನ್ ಕೊಡುವ ಮಷೀನ್ ಅಲ್ಲ. ಕೋಣೆಯ ಗಾಳಿಯನ್ನೇ ಒತ್ತಡದಲ್ಲಿ ಒಳಗೆ ಬಿಡುತ್ತದೆ. ಮಲಗಿದಾಗ ಸಡಿಲಾಗಿ ಮುಚ್ಚಿಕೊಳ್ಳುವ ಗಂಟಲು ಆ ಒತ್ತಡದಿಂದ ತೆರೆದೇ ಇರುತ್ತದೆ, ಅಷ್ಟೇ. ಕೋವಿಡ್ ಕಾಲದಲ್ಲಿ ತಂದ ಆಕ್ಸಿಜನ್ ಕಾನ್ಸಂಟ್ರೇಟರ್ ಮನೆಯಲ್ಲಿದೆ ಅಂತ ಅದನ್ನೇ ಹಚ್ಚಿಕೊಂಡು ಮಲಗಬೇಡಿ. ಮುಚ್ಚಿದ ಗಂಟಲನ್ನು ಆಕ್ಸಿಜನ್ ತೆರೆಯುವುದಿಲ್ಲ. ಕೆಲವರಲ್ಲಿ ಉಸಿರು ನಿಂತಿರುವ ಹೊತ್ತು ಇನ್ನೂ ಉದ್ದವಾಗುತ್ತದೆ.

ಹಂತ 1: ಡಾಕ್ಟರ ಹತ್ತಿರ ಹೋಗುವ ಮುಂಚೆ ಮನೆಯಲ್ಲಿ ಮಾಡುವ ಕೆಲಸ

ಮೊದಲ ಸಾಕ್ಷಿ ಪಕ್ಕದಲ್ಲಿ ಮಲಗುವವರು. "ನಮ್ಮನಿಯಾವ್ರು ಗೊರಕಿ ಹೊಡಕೋತ ಒಮ್ಮೆಲೆ ಸುಮ್ನ ಆಗ್ತಾರ್ರಿ, ಆಮ್ಯಾಲ ದಡಕ್ಕನ ಉಸಿರ ಎಳಕೋತಾರ್ರಿ" ಅಂತ ಹೆಂಡತಿ ಹೇಳುವ ಒಂದು ಮಾತು ಡಾಕ್ಟರಿಗೆ ಬಹಳ ಉಪಯೋಗಕ್ಕೆ ಬರುತ್ತದೆ. ಅವರನ್ನು ಜೊತೆಗೇ ಕರೆದುಕೊಂಡು ಹೋಗಿ. ಆಗದಿದ್ದರೆ ಗೊರಕೆ ನಿಂತು ಮತ್ತೆ ಶುರುವಾಗುವುದನ್ನು ಮೊಬೈಲಿನಲ್ಲಿ ಎರಡು ಮೂರು ನಿಮಿಷ ವಿಡಿಯೊ ಮಾಡಿಸಿ.

ಆಮೇಲೆ ಒಂದು ಹಾಳೆಯಲ್ಲಿ ಇಷ್ಟನ್ನು ಬರೆಯಿರಿ: ಜೋರಾದ ಗೊರಕೆ ಇದೆಯಾ, ಹಗಲು ಸುಸ್ತಾಗುತ್ತದಾ, ಉಸಿರು ನಿಂತಿದ್ದನ್ನು ಯಾರಾದರೂ ನೋಡಿದ್ದಾರಾ, ಬಿಪಿ ಇದೆಯಾ, ತೂಕ ಮತ್ತು ಎತ್ತರ ಎಷ್ಟು, ವಯಸ್ಸು 50 ದಾಟಿದೆಯಾ, ಕತ್ತಿನ ಸುತ್ತಳತೆ ಎಷ್ಟು. ಕತ್ತನ್ನು ಟೇಲರ್ ಟೇಪಿನಿಂದ ಅಳೆಯಿರಿ. 40 ಸೆಂ.ಮೀ.ಗಿಂತ ಜಾಸ್ತಿ ಇದ್ದರೆ ಅದೂ ಒಂದು ಗುರುತು. ಗಂಡಸರಾಗಿರುವುದೂ ಲೆಕ್ಕಕ್ಕೆ ಬರುತ್ತದೆ. ಡಾಕ್ಟರುಗಳು ಬಳಸುವ ಸ್ಟಾಪ್-ಬ್ಯಾಂಗ್ ಪ್ರಶ್ನಾವಳಿಯಲ್ಲಿರುವುದು ಇವೇ ಎಂಟು. ಮೂರಕ್ಕೆ ಹೌದು ಅಂತ ಬಂದರೂ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಐದು ಅಥವಾ ಅದಕ್ಕಿಂತ ಜಾಸ್ತಿ ಬಂದರೆ ತಡ ಮಾಡಬೇಡಿ.

ಸ್ಟೇರಿಂಗ್ ಹಿಡಿದು ಕೂತಾಗ ಕಣ್ಣು ಎಳೆಯುತ್ತದಾ? ಅದನ್ನೂ ಮುಚ್ಚಿಡದೆ ಹೇಳಿ. ಬಸ್, ಲಾರಿ, ಕ್ಯಾಬ್ ಓಡಿಸುವವರು, ರೈಲ್ವೆಯಲ್ಲಿ ರಾತ್ರಿ ಪಾಳಿ ಮಾಡುವವರು ನೌಕರಿ ಹೋದೀತು ಅಂತ ಇದನ್ನು ಮುಚ್ಚಿಡುತ್ತಾರೆ. ಚಿಕಿತ್ಸೆ ಸರಿಯಾಗಿ ಶುರುವಾಗುವ ತನಕ ಹುಬ್ಬಳ್ಳಿ-ಧಾರವಾಡ ಬೈಪಾಸಿನಂಥ ರಸ್ತೆಯಲ್ಲಿ ರಾತ್ರಿ ಗಾಡಿ ಓಡಿಸಲೇಬೇಡಿ.

ಹಂತ 2: ನಿದ್ದೆ ಪರೀಕ್ಷೆ, ಮತ್ತು ರಿಪೋರ್ಟ್ ಓದುವ ಬಗೆ

ಶ್ವಾಸಕೋಶ ತಜ್ಞರು ಅಥವಾ ಕಿವಿ-ಮೂಗು-ಗಂಟಲು ತಜ್ಞರು ಇದನ್ನು ನೋಡುತ್ತಾರೆ. ಹುಬ್ಬಳ್ಳಿಯ ಕೆಎಂಸಿ-ಆರ್‌ಐ (ಮೊದಲಿನ ಕಿಮ್ಸ್), ಧಾರವಾಡ ಸತ್ತೂರಿನ ಎಸ್‌ಡಿಎಂ, ಗದಗ ಮತ್ತು ಹಾವೇರಿಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಿಂದ ಶುರು ಮಾಡಬಹುದು. ನಿದ್ದೆ ಪರೀಕ್ಷೆ ಎಲ್ಲಿ, ಯಾವ ಬಗೆಯದು ಮಾಡಿಸಬೇಕು ಅಂತ ಅಲ್ಲೇ ಕೇಳಿ.

ಪರೀಕ್ಷೆಯಲ್ಲಿ ಮುಖ್ಯವಾಗಿ ಎರಡು ಬಗೆ. ಆಸ್ಪತ್ರೆಯಲ್ಲಿ ಒಂದು ರಾತ್ರಿ ಮಲಗಿಸಿ, ತಲೆಗೂ ತಂತಿ ಹಚ್ಚಿ ಮಾಡುವುದು ಲೆವೆಲ್ 1. ಚಿಕ್ಕ ಸಾಧನ ಕಟ್ಟಿಕೊಂಡು ಮನೆಯಲ್ಲೇ ಮಾಡುವುದು ಲೆವೆಲ್ 3. ಬೇರೆ ದೊಡ್ಡ ಕಾಯಿಲೆ ಇಲ್ಲದ, ಲಕ್ಷಣ ಸ್ಪಷ್ಟವಾಗಿರುವ ದೊಡ್ಡವರಿಗೆ ಮನೆ ಪರೀಕ್ಷೆ ನಡೆಯುತ್ತದೆ. ಹೃದಯ ದುರ್ಬಲ ಇರುವವರು, ಸಿಒಪಿಡಿ (ಶ್ವಾಸನಾಳ ಕಿರಿದಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಇರುವವರು, ಪಾರ್ಶ್ವವಾಯು ಆದವರು, ಬಲವಾದ ನೋವಿನ ಮಾತ್ರೆ ತಗೊಳ್ಳುವವರು ಆಸ್ಪತ್ರೆಯಲ್ಲೇ ಮಾಡಿಸಬೇಕು. ಮನೆ ಪರೀಕ್ಷೆಯ ಸಾಧನಕ್ಕೆ ನೀವು ಎಷ್ಟು ಹೊತ್ತು ನಿಜವಾಗಿ ನಿದ್ದೆ ಮಾಡಿದಿರಿ ಅಂತ ಗೊತ್ತಾಗುವುದಿಲ್ಲ. ಹಾಗಾಗಿ ಅದು ಕಾಯಿಲೆಯನ್ನು ಕಡಿಮೆ ತೋರಿಸಬಹುದು. ಲಕ್ಷಣ ಜೋರಾಗಿದ್ದು ಮನೆ ಪರೀಕ್ಷೆ ನಾರ್ಮಲ್ ಬಂದರೆ ಅಲ್ಲಿಗೇ ಬಿಡಬೇಡಿ, ಲೆವೆಲ್ 1 ಮಾಡಿಸಿ. ಬೆರಳಿಗೆ ಹಾಕುವ ಆಕ್ಸಿಮೀಟರ್ ಒಂದನ್ನೇ ನಂಬಿ ಮಷೀನ್ ಕೊಳ್ಳುವ ಮಾತಂತೂ ಬೇಡ.

ರಿಪೋರ್ಟಿನಲ್ಲಿ ಮೊದಲು ನೋಡಬೇಕಾದ್ದು ಎಎಚ್‌ಐ. ಒಂದು ಗಂಟೆಯಲ್ಲಿ ಎಷ್ಟು ಸಲ ಕನಿಷ್ಠ 10 ಸೆಕೆಂಡು ಉಸಿರು ನಿಂತಿತು ಅಥವಾ ತೀರಾ ಕಡಿಮೆಯಾಯಿತು ಅನ್ನುವ ಲೆಕ್ಕ ಅದು. 5ರಿಂದ 15 ಸೌಮ್ಯ, 15ರಿಂದ 30 ಮಧ್ಯಮ, 30 ದಾಟಿದರೆ ತೀವ್ರ. ಆಮೇಲೆ ಆಕ್ಸಿಜನ್ ಎಲ್ಲಿಯ ತನಕ ಇಳಿದಿತ್ತು, 90ಕ್ಕಿಂತ ಕೆಳಗೆ ಎಷ್ಟು ಹೊತ್ತು ಇತ್ತು ನೋಡಿ.

ಮೂರನೆಯದನ್ನು ಜನ ಬಿಟ್ಟೇಬಿಡುತ್ತಾರೆ: ಉಸಿರು ನಿಂತದ್ದು ಗಂಟಲು ಮುಚ್ಚಿದ್ದರಿಂದಲೋ, ಮಿದುಳು ಉಸಿರಾಡು ಅಂತ ಹೇಳದೆ ಇದ್ದದ್ದರಿಂದಲೋ? ಮೊದಲನೆಯದು ಅಬ್‌ಸ್ಟ್ರಕ್ಟಿವ್, ಎರಡನೆಯದು ಸೆಂಟ್ರಲ್. ಸೆಂಟ್ರಲ್ ಜಾಸ್ತಿ ಇದ್ದರೆ ಮಷೀನಿನ ಆಯ್ಕೆಯೇ ಬದಲಾಗುತ್ತದೆ.

ಎಚ್ಚರಿಕೆ: ಮಷೀನ್ ಮಾರುವವರೇ ಬಂದು ಪರೀಕ್ಷೆ ಮಾಡಿ, ಯಾವ ಡಾಕ್ಟರ ಸಹಿಯೂ ಇಲ್ಲದ ರಿಪೋರ್ಟ್ ಕೊಟ್ಟು, ಮರುದಿನವೇ ಮಷೀನ್ ಇಳಿಸಲು ಬಂದರೆ ಒಪ್ಪಬೇಡಿ. ಆ ರಿಪೋರ್ಟನ್ನು ನಿಮ್ಮ ಡಾಕ್ಟರಿಗೆ ತೋರಿಸಿ.

ಎಎಚ್‌ಐ ಸೌಮ್ಯ ಇದ್ದು ಹಗಲು ತೊಂದರೆ ಇಲ್ಲದವರಿಗೆ ಮಷೀನ್ ಬೇಕಾಗದೇ ಇರಬಹುದು. ತೂಕ ಇಳಿಸುವುದು, ಮಗ್ಗುಲಾಗಿ ಮಲಗುವುದು, ರಾತ್ರಿ ಕುಡಿಯುವುದನ್ನು ಬಿಡುವುದು, ದಂತವೈದ್ಯರು ಮಾಡಿಕೊಡುವ ಕೆಳದವಡೆ ಮುಂದೆ ತರುವ ಸಾಧನ, ಇವುಗಳ ಬಗ್ಗೆ ಮೊದಲು ಕೇಳಿ.

ಹಂತ 3: ಯಾವ ಬಗೆಯ ಮಷೀನ್ ಅಂತ ಬರೆಸಿಕೊಳ್ಳುವುದು

ಸಾದಾ ಸಿಪ್ಯಾಪ್ ರಾತ್ರಿಯಿಡೀ ಒಂದೇ ಒತ್ತಡ ಕೊಡುತ್ತದೆ. ಆಟೊ ಸಿಪ್ಯಾಪ್ ಡಾಕ್ಟರು ಹಾಕಿದ ಮಿತಿಯೊಳಗೆ ತಾನೇ ಏರಿಸಿ ಇಳಿಸುತ್ತದೆ. ಎರಡೂ ಸಾಮಾನ್ಯವಾಗಿ 4ರಿಂದ 20 ಸೆಂ.ಮೀ. ನೀರಿನ ಒತ್ತಡದ ನಡುವೆ ಕೆಲಸ ಮಾಡುತ್ತವೆ. ಬೈಪ್ಯಾಪ್ ಉಸಿರು ಎಳೆಯುವಾಗ ಜಾಸ್ತಿ, ಬಿಡುವಾಗ ಕಡಿಮೆ ಒತ್ತಡ ಕೊಡುತ್ತದೆ. ಅಬ್‌ಸ್ಟ್ರಕ್ಟಿವ್ ತೊಂದರೆ ಮಾತ್ರ ಇರುವ ಬಹುಪಾಲು ಜನರಿಗೆ ಸಿಪ್ಯಾಪ್ ಅಥವಾ ಆಟೊ ಸಾಕು. ಬೈಪ್ಯಾಪ್ ದುಬಾರಿ ಇದೆ ಅಂದಮಾತ್ರಕ್ಕೆ ಎಲ್ಲರಿಗೂ ಒಳ್ಳೆಯದಲ್ಲ.

ಆಟೊ ಎಲ್ಲರಿಗೂ ಅಲ್ಲ. ಹೃದಯ ವೈಫಲ್ಯ, ಸಿಒಪಿಡಿ, ಸೆಂಟ್ರಲ್ ಆಪ್ನಿಯಾ ಇರುವವರಿಗೆ, ಮತ್ತು ತೂಕ ಬಹಳ ಇದ್ದು ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿರುವವರಿಗೆ ಆಸ್ಪತ್ರೆಯಲ್ಲೇ ಒತ್ತಡ ಹೊಂದಿಸಬೇಕು. ಕೊನೆಯವರಿಗೆ ರಕ್ತದಲ್ಲಿನ ಅನಿಲಗಳನ್ನು ಅಳೆಯುವ ಎಬಿಜಿ ಪರೀಕ್ಷೆ ಬೇಕಾಗುತ್ತದೆ, ಕೆಲವರಿಗೆ ಬೈಪ್ಯಾಪೇ ಬೇಕಾಗುತ್ತದೆ. ಪ್ರತಿ ಉಸಿರಿಗೂ ತಕ್ಕಂತೆ ಒತ್ತಡ ಬದಲಿಸುವ, ಎಎಸ್‌ವಿ ಅನ್ನುವ ಇನ್ನೊಂದು ಬಗೆಯ ಮಷೀನ್ ಇದೆ. ಹೃದಯ ಪಂಪ್ ಮಾಡುವ ಶಕ್ತಿ 45 ಶೇಕಡಾ ಅಥವಾ ಅದಕ್ಕಿಂತ ಕಡಿಮೆ ಇದ್ದು ಸೆಂಟ್ರಲ್ ಆಪ್ನಿಯಾ ಇದ್ದವರಲ್ಲಿ ಅದರಿಂದ ಹೃದಯದ ಸಾವು ಹೆಚ್ಚಾಯಿತು ಅಂತ 2015ರ ಸರ್ವ್-ಎಚ್‌ಎಫ್ ಅಧ್ಯಯನದಲ್ಲಿ ಕಂಡುಬಂತು. ಹೃದಯದ ಸ್ಕ್ಯಾನ್ ಆದ ಎಕೊದ ರಿಪೋರ್ಟ್ ನೋಡದೆ ಇದನ್ನು ಯಾರೂ ಬರೆಯಬಾರದು.

ಚೀಟಿಯಲ್ಲಿ ಮಷೀನಿನ ಬಗೆ, ಒತ್ತಡ ಅಥವಾ ಅದರ ಮಿತಿ, ಮಾಸ್ಕಿನ ಬಗೆ, ಗಾಳಿಯನ್ನು ಬೆಚ್ಚಗೆ ತೇವ ಮಾಡುವ ಹ್ಯುಮಿಡಿಫೈಯರ್ ಬೇಕೋ ಬೇಡವೋ, ಇಷ್ಟೂ ಇರಬೇಕು. "ಸಿಪ್ಯಾಪ್ ತಗೊಳ್ಳಿ" ಅಂತ ಬರೀ ಒಂದು ಸಾಲಿದ್ದರೆ ವಾಪಸ್ ಹೋಗಿ ಬರೆಸಿಕೊಳ್ಳಿ. ಆಟೊದಲ್ಲಿ 4ರಿಂದ 20 ಅಂತ ಪೂರ್ತಿ ತೆರೆದು ಕೊಟ್ಟರೆ ದಪ್ಪಗಿರುವವರಿಗೆ 4ರಲ್ಲಿ ಗಾಳಿಯೇ ಸಾಲುವುದಿಲ್ಲ. ಮೇಲೆ ಹೇಳಿದ ಉಸಿರು ಕಟ್ಟುವ ದೂರಿಗೆ ಇದೂ ಒಂದು ಕಾರಣ. ಕೆಳಗಿನ ಮಿತಿ ಏರಿಸಬೇಕಾ ಅಂತ ಡಾಕ್ಟರನ್ನೇ ಕೇಳಿ.

ಹಂತ 4: ಮಾಸ್ಕ್, ಇಲ್ಲೇ ಜಾಸ್ತಿ ಹೊತ್ತು ಕೊಡಿ

ಮಷೀನ್ ಯಾವ ಕಂಪನಿಯದು ಅನ್ನುವುದಕ್ಕಿಂತ ಮಾಸ್ಕ್ ಸರಿ ಕೂರುತ್ತದಾ ಅನ್ನುವುದೇ ದೊಡ್ಡದು ಅಂತ ನಾನು ಖಂಡಿತವಾಗಿ ಹೇಳುತ್ತೇನೆ. ಜನ ಮಷೀನಿಗೆ ಹತ್ತು ಅಂಗಡಿ ಸುತ್ತುತ್ತಾರೆ, ಮಾಸ್ಕಿಗೆ ಹತ್ತು ನಿಮಿಷವೂ ಕೊಡುವುದಿಲ್ಲ.

ಮೂರು ಬಗೆ ಇವೆ. ಮೂಗಿನ ಹೊಳ್ಳೆಗೆ ಕೂರುವ ಪಿಲ್ಲೊ, ಬರೀ ಮೂಗು ಮುಚ್ಚುವ ನೇಸಲ್, ಮೂಗು ಬಾಯಿ ಎರಡೂ ಮುಚ್ಚುವ ಫುಲ್ ಫೇಸ್. ಮೂಗಿನಿಂದ ಉಸಿರಾಡಲು ಆಗುವವರು ನೇಸಲ್ ಅಥವಾ ಪಿಲ್ಲೊದಿಂದ ಶುರು ಮಾಡುವುದು ವಾಸಿ. ಫುಲ್ ಫೇಸ್ ಲೀಕ್ ಆಗುವುದು ಜಾಸ್ತಿ, ಒತ್ತಡವೂ ಜಾಸ್ತಿ ಬೇಕಾಗಬಹುದು. ಮೂಗು ಸದಾ ಕಟ್ಟುವವರು ಮೊದಲು ಮೂಗಿಗೆ ಚಿಕಿತ್ಸೆ ಮಾಡಿಸಿ. ನಮ್ಮ ಧೂಳಿನ ಅಲರ್ಜಿಗೆ ಡಾಕ್ಟರು ಕೊಡುವ ಸ್ಪ್ರೇಯಿಂದಲೇ ಎಷ್ಟೋ ಜನಕ್ಕೆ ನೇಸಲ್ ಮಾಸ್ಕ್ ಒಗ್ಗುತ್ತದೆ.

ಅಂಗಡಿಯಲ್ಲಿ ಕೂತು ಮಾಸ್ಕ್ ಹಾಕಿ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಮಲಗಬೇಕು, ಮಷೀನ್ ಆನ್ ಆಗಿರಬೇಕು, ನಿಮ್ಮ ನಿಜವಾದ ಒತ್ತಡ ಬರುತ್ತಿರಬೇಕು. ಅಂಗಾತ, ಎಡ, ಬಲ, ಮೂರು ಮಗ್ಗುಲಲ್ಲೂ ಹತ್ತು ನಿಮಿಷ ಮಲಗಿ. ಕಣ್ಣಿನ ಮೂಲೆಗೆ ಗಾಳಿ ಬಡಿದರೆ ಆ ಅಳತೆ ನಿಮ್ಮದಲ್ಲ. ಬೆಲ್ಟ್ ಬಿಗಿ ಮಾಡಿ ಲೀಕ್ ನಿಲ್ಲಿಸಬೇಡಿ. ಒಂದು ಬೆರಳು ಸಲೀಸಾಗಿ ಹೋಗುವಷ್ಟು ಸಡಿಲ ಇರಬೇಕು. ಬೆಳಿಗ್ಗೆ ಮೂಗಿನ ಮೇಲೆ ಕೆಂಪು ಗೆರೆ ಉಳಿದು ಅರ್ಧ ಗಂಟೆಯಾದರೂ ಹೋಗದಿದ್ದರೆ ಮಾಸ್ಕ್ ಬಿಗಿಯಾಗಿದೆ ಅಂತಲೇ ಅರ್ಥ.

ನಮ್ಮ ಮನೆಗಳಲ್ಲಿ ಬರುವ ಕೆಲವು ತೊಡಕು ಕಂಪನಿಯ ಪುಸ್ತಕದಲ್ಲಿ ಇರುವುದಿಲ್ಲ. ದಪ್ಪ ಮೀಸೆ ಇದ್ದರೆ ನೇಸಲ್ ಮಾಸ್ಕಿನ ಕೆಳ ಅಂಚು ಕೂದಲ ಮೇಲೆ ಕೂತು ಗಾಳಿ ಬಿಡುತ್ತದೆ. ಮೀಸೆ ತೆಗೆಯಲು ಮನಸ್ಸಿಲ್ಲದವರು ಪಿಲ್ಲೊ ನೋಡಿ. ಮೂಗುತಿ ಇರುವ ಹೆಣ್ಣುಮಕ್ಕಳಿಗೆ ಅದರ ಹರಳು ಮಾಸ್ಕಿನ ಮೆತ್ತೆಗೆ ಚುಚ್ಚಿ ಅಲ್ಲಿಂದಲೇ ಲೀಕ್ ಆಗುತ್ತದೆ, ಚರ್ಮವೂ ಹುಣ್ಣಾಗುತ್ತದೆ. ರಾತ್ರಿ ತೆಗೆದಿಡಲು ಆಗದವರು ಮೂಗಿನ ಬದಿಗೆ ತಾಗದ ಮಾಸ್ಕನ್ನೇ ಕೇಳಿ. ತಲೆಗೆ ಹಚ್ಚಿದ ಎಣ್ಣೆ, ಹಣೆಯ ವಿಭೂತಿ, ಮುಖಕ್ಕೆ ಹಚ್ಚಿದ ಕ್ರೀಮ್ ಇದ್ದರೆ ಮಾಸ್ಕ್ ಜಾರುತ್ತದೆ, ಮೆತ್ತೆಯ ಸಿಲಿಕೋನ್ ಬೇಗ ಹಾಳಾಗುತ್ತದೆ. ಮಲಗುವ ಮುಂಚೆ ಮುಖ ತೊಳೆಯಿರಿ. ಹಲ್ಲಿನ ಸೆಟ್ ಇರುವವರು ರಾತ್ರಿ ಅದನ್ನು ತೆಗೆದಿಟ್ಟು ಮಲಗುವುದಾದರೆ ತೆಗೆದಿಟ್ಟೇ ಅಳತೆ ನೋಡಿ. ಸೆಟ್ ತೆಗೆದರೆ ಕೆನ್ನೆ ಒಳಗೆ ಹೋಗಿ ಅಳತೆ ಬದಲಾಗುತ್ತದೆ.

ಇನ್ನು ಅಪಾಯದ ಮಾತು. ಮಾಸ್ಕಿನಲ್ಲಿ ಸಣ್ಣ ತೂತುಗಳಿರುತ್ತವೆ. ನೀವು ಬಿಟ್ಟ ಉಸಿರು ಹೊರಗೆ ಹೋಗುವ ದಾರಿ ಅದೇ. ಪಕ್ಕದವರಿಗೆ ಗಾಳಿ ಬಡಿಯುತ್ತದೆ ಅಂತ ಅದಕ್ಕೆ ಟೇಪ್ ಹಚ್ಚಬೇಡಿ. ಆಸ್ಪತ್ರೆಯ ಐಸಿಯುನಲ್ಲಿ ಬಳಸುವ ತೂತಿಲ್ಲದ ಮಾಸ್ಕನ್ನು ಮನೆಗೆ ತಂದು ಸಿಪ್ಯಾಪಿಗೆ ಜೋಡಿಸಬೇಡಿ, ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುತ್ತೀರಿ. ಕೆಲವು ಮಾಸ್ಕುಗಳ ಕ್ಲಿಪ್ಪಿನಲ್ಲಿ ಮ್ಯಾಗ್ನೆಟ್ ಇರುತ್ತದೆ. ನಿಮಗಾಗಲಿ ಪಕ್ಕದಲ್ಲಿ ಮಲಗುವವರಿಗಾಗಲಿ ಪೇಸ್‌ಮೇಕರ್ ಇದ್ದರೆ ಅಂಥದ್ದು ಬೇಡವೇ ಬೇಡ. ಕೈ ಸ್ವಾಧೀನವಿಲ್ಲದೆ ಮಾಸ್ಕ್ ತಾವೇ ತೆಗೆಯಲು ಆಗದವರಿಗೆ ಫುಲ್ ಫೇಸ್ ಹಾಕಬಾರದು. ವಾಂತಿಯಾದರೆ ಪ್ರಾಣಕ್ಕೆ ಬರುತ್ತದೆ.

ಹಂತ 5: ಬಾಡಿಗೆಗೆ ತಂದು ನೋಡುವುದು

ಮಷೀನನ್ನು ವಾರದಿಂದ ತಿಂಗಳ ತನಕ ಬಾಡಿಗೆಗೆ ಕೊಡುವವರು ಇರುತ್ತಾರೆ. ಆಸ್ಪತ್ರೆಯಲ್ಲೇ ವಿಚಾರಿಸಿ. ಮಾಸ್ಕ್ ಮಾತ್ರ ಹೊಸದು, ನಿಮ್ಮದೇ ಇರಲಿ. ಮಷೀನಿಗೆ ಹೊಸ ಫಿಲ್ಟರ್, ಹೊಸ ಟ್ಯೂಬ್ ಹಾಕಿಸಿ. ಡಿಪಾಜಿಟ್ ಎಷ್ಟು, ಆಮೇಲೆ ಕೊಂಡರೆ ಬಾಡಿಗೆ ಮುರಿದುಕೊಳ್ಳುತ್ತಾರಾ ಅಂತ ಬರೆಸಿಕೊಳ್ಳಿ. ಗದಗ, ಹಾವೇರಿಯಿಂದ ಬರುವವರು ಮಾಸ್ಕ್ ಬದಲಿಸಲು ಮತ್ತೆ ಮತ್ತೆ ಹುಬ್ಬಳ್ಳಿಗೆ ಓಡಾಡುವುದು ತಪ್ಪಲಿ ಅಂತ ಎರಡು ಅಳತೆಯ ಮೆತ್ತೆಗಳನ್ನು ಒಟ್ಟಿಗೇ ಕೇಳಿ.

ಬಾಡಿಗೆ ಆಟೊ ಮಷೀನಿನ ದಾಖಲೆಯನ್ನು ಡಾಕ್ಟರಿಗೆ ತೋರಿಸಿದರೆ ನಿಮಗೆ ಎಷ್ಟು ಒತ್ತಡ ಬೇಕು ಅಂತ ಗೊತ್ತಾಗುತ್ತದೆ. ಒತ್ತಡ ರಾತ್ರಿಯಿಡೀ ಹೆಚ್ಚುಕಡಿಮೆ ಒಂದೇ ಇದ್ದರೆ ಕಡಿಮೆ ಬೆಲೆಯ ಸಾದಾ ಸಿಪ್ಯಾಪೇ ಸಾಕಾಗಬಹುದು.

ಹಂತ 6: ಕೊಳ್ಳುವಾಗ

ಡಬ್ಬದ ಮೇಲಿನ ಎಂಆರ್‌ಪಿ ನೋಡಿ ಗಾಬರಿಯಾಗಬೇಡಿ, ಅದರ ಮೇಲೆ ಸಿಗುವ ರಿಯಾಯಿತಿ ನೋಡಿ ಮರುಳೂ ಆಗಬೇಡಿ. ಮೂರು ಕಡೆ ಬರೆಸಿ ತಂದು ಹೋಲಿಸಿ. ಮಾಸ್ಕ್, ಹ್ಯುಮಿಡಿಫೈಯರ್, ಟ್ಯೂಬ್ ಸೇರಿದೆಯಾ ಅಂತ ಪ್ರತಿಯೊಂದರಲ್ಲೂ ಕೇಳಿ.

ಕೇಳಲೇಬೇಕಾದ ಪ್ರಶ್ನೆಗಳು ಇವು. ಬರೀ ಬಳಸಿದ ಗಂಟೆಯಲ್ಲದೆ ಎಎಚ್‌ಐ ಮತ್ತು ಲೀಕ್ ಕೂಡ ದಾಖಲಾಗುತ್ತದಾ? ಎಸ್‌ಡಿ ಕಾರ್ಡ್ ಇದೆಯಾ? ರೋಣ, ಶಿರಹಟ್ಟಿ, ಹಾನಗಲ್ ಕಡೆ ಹಳ್ಳಿಯಲ್ಲಿ ನೆಟ್‌ವರ್ಕ್ ಕೈಕೊಟ್ಟರೂ ಕಾರ್ಡ್ ಇದ್ದರೆ ದಾಖಲೆ ಉಳಿಯುತ್ತದೆ. ರಿಪೇರಿ ಇಲ್ಲೇ ಆಗುತ್ತದಾ, ಬೆಂಗಳೂರಿಗೆ ಕಳಿಸಬೇಕಾ? ಅಷ್ಟು ದಿನ ಬದಲಿ ಮಷೀನ್ ಕೊಡುತ್ತಾರಾ? ಈ ಕೊನೆಯ ಪ್ರಶ್ನೆಗೆ ಬಾಯಿಮಾತಿನ ಉತ್ತರ ಸಾಲದು. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿ, ಡಬ್ಬ ಮತ್ತು ಮಷೀನ್ ಎರಡರ ಜೊತೆಯೂ ತಾಳೆ ನೋಡಿ.

ಹಳೆಯ ಮಷೀನ್ ಕೊಳ್ಳುವವರು ಒಂದು ವಿಷಯ ತಿಳಿದಿರಬೇಕು. ಫಿಲಿಪ್ಸ್ ಕಂಪನಿ ಮೊದಲ ಪೀಳಿಗೆಯ ಡ್ರೀಮ್‌ಸ್ಟೇಷನ್ ಸೇರಿ ಹಲವು ಮಷೀನುಗಳನ್ನು 2021ರ ಜೂನ್‌ನಲ್ಲಿ ವಾಪಸ್ ಕರೆಯಿತು. ಸದ್ದು ತಡೆಯಲು ಒಳಗೆ ಹಾಕಿದ್ದ ಫೋಮ್ ಪುಡಿಯಾಗಿ ಉಸಿರಿನ ದಾರಿಗೆ ಬರಬಹುದು ಅನ್ನುವುದೇ ಕಾರಣ. ಯಾರಾದರೂ ಅಗ್ಗಕ್ಕೆ ಕೊಟ್ಟರೆ ಸೀರಿಯಲ್ ನಂಬರ್ ಪರೀಕ್ಷಿಸದೆ ತಗೊಳ್ಳಬೇಡಿ. ಮೋಟಾರ್ ಎಷ್ಟು ಗಂಟೆ ಓಡಿದೆ ಅಂತ ಮೆನುವಿನಲ್ಲಿ ನೋಡಬಹುದು. ತೀರಿಕೊಂಡ ಸಂಬಂಧಿಕರ ಮಷೀನ್ ಸಿಕ್ಕಿದರೆ ಅವರ ಒತ್ತಡವನ್ನೇ ಇಟ್ಟುಕೊಂಡು ಮಲಗಬೇಡಿ.

ದುಡ್ಡಿನ ವಿಚಾರ: ಬಹಳಷ್ಟು ಆರೋಗ್ಯ ವಿಮೆಗಳು ಮನೆಯಲ್ಲಿ ಬಳಸುವ ಸಿಪ್ಯಾಪಿಗೆ ಹಣ ಕೊಡುವುದಿಲ್ಲ. ಪಾಲಿಸಿ ತೆಗೆದು ಓದಿ. ರೈಲ್ವೆ, ಕೇಂದ್ರ ಸರ್ಕಾರ, ಇಎಸ್‌ಐ ಸೌಲಭ್ಯ ಇರುವವರು ಖರೀದಿಗೆ ಮುಂಚೆಯೇ ಕಚೇರಿಯಲ್ಲಿ ಮಂಜೂರಾತಿ ಕೇಳಿ. ಮೊದಲು ಕೊಂಡು ಆಮೇಲೆ ಬಿಲ್ ಕೊಟ್ಟರೆ ತಿರಸ್ಕಾರ ಆಗಬಹುದು. ಅಲ್ಲಿ ಲೆವೆಲ್ 1 ರಿಪೋರ್ಟನ್ನೇ ಕೇಳಬಹುದು, ಹಾಗಾಗಿ ಪರೀಕ್ಷೆಗೆ ಮೊದಲೇ ವಿಚಾರಿಸಿಕೊಳ್ಳಿ.

ಹಂತ 7: ಮನೆಯಲ್ಲಿ ಜೋಡಿಸುವುದು

ಮಷೀನನ್ನು ಮಂಚದ ಪಕ್ಕ, ನಿಮ್ಮ ತಲೆಗಿಂತ ಕೆಳಗೆ ಇಡಿ. ಮೇಲಿಟ್ಟರೆ ಹ್ಯುಮಿಡಿಫೈಯರಿನ ನೀರು ಟ್ಯೂಬಿನಲ್ಲಿ ಇಳಿದು ಮುಖಕ್ಕೆ ಬರುತ್ತದೆ. ನೆಲದ ಮೇಲೆ ಇಟ್ಟರೆ ಕಸ ಗುಡಿಸಿದ ಧೂಳೆಲ್ಲ ಫಿಲ್ಟರಿಗೆ ಹೋಗುತ್ತದೆ. ಒಂದು ಗಿಡ್ಡ ಸ್ಟೂಲ್ ಸಾಕು.

ನೀರು ಡಿಸ್ಟಿಲ್ಡ್ ಆಗಿರಬೇಕು, ಮೆಡಿಕಲ್ ಅಂಗಡಿಯಲ್ಲಿ ಕೇಳಿ. ಗ್ಯಾರೇಜಿನ ಬ್ಯಾಟರಿ ನೀರು ಬೇಡ. ಬೋರ್‌ವೆಲ್ ನೀರು ಹಾಕಿದರೆ ಕೆಲವೇ ದಿನಕ್ಕೆ ನೀರಿನ ಡಬ್ಬಿಯ ತಳದಲ್ಲಿ ಬಿಳಿ ಪದರ ಕಟ್ಟುತ್ತದೆ. ಒಂದೆರಡು ದಿನ ಸಿಗದಿದ್ದರೆ ಆರ್‌ಒ ನೀರು ಕುದಿಸಿ ಆರಿಸಿ ಹಾಕಿ. ಉಳಿದ ನೀರನ್ನು ಪ್ರತಿ ಬೆಳಿಗ್ಗೆ ಚೆಲ್ಲಿ.

ಮಾಸ್ಕಿನ ಮೆತ್ತೆಯನ್ನು ದಿನಾ, ಟ್ಯೂಬನ್ನು ವಾರಕ್ಕೊಮ್ಮೆ ಉಗುರುಬೆಚ್ಚಗಿನ ನೀರು ಮತ್ತು ಸೌಮ್ಯ ಸೋಪಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಡೆಟಾಲ್, ಸ್ಪಿರಿಟ್, ಓಜೋನ್ ಮಷೀನ್ ಯಾವುದೂ ಬೇಡ. ಫಿಲ್ಟರನ್ನು ತಿಂಗಳಿಗೊಮ್ಮೆ ತೆಗೆದು ನೋಡಿ. ನಮ್ಮ ಊರಿನ ಧೂಳಿಗೆ ಕಂಪನಿ ಹೇಳಿದ ಅವಧಿಗಿಂತ ಮೊದಲೇ ಅದು ಕಪ್ಪಾಗಿರುತ್ತದೆ. ಕಪ್ಪಾದದ್ದನ್ನು ತೊಳೆದು ಹಾಕಬೇಡಿ, ತೊಳೆಯುವ ಬಗೆಯದು ಅಂತ ಬರೆದಿದ್ದರೆ ಮಾತ್ರ ತೊಳೆಯಿರಿ.

ಹೆಸ್ಕಾಂ ಕರೆಂಟ್ ನಡುರಾತ್ರಿ ಹೋಗುವುದು ಹೊಸದಲ್ಲ. ಇನ್ವರ್ಟರ್ ಇದ್ದರೆ ಅದು ಪ್ಯೂರ್ ಸೈನ್ ವೇವ್ ಬಗೆಯದಾ ನೋಡಿ. ಬಿಸಿ ಮಾಡುವ ಭಾಗ ಬಂದ್ ಇಟ್ಟರೆ ಮಷೀನ್ ಫ್ಯಾನಿಗಿಂತಲೂ ಕಡಿಮೆ ವಿದ್ಯುತ್ ಎಳೆಯುತ್ತದೆ, ಮನೆಯ ಸಾಮಾನ್ಯ ಬ್ಯಾಟರಿ ಬೆಳಗಿನ ತನಕ ತಡೆಯುತ್ತದೆ.

ಹಂತ 8: ಮೊದಲ ತಿಂಗಳು

ಮೊದಲ ದಿನವೇ ಎಂಟು ಗಂಟೆ ಹಾಕಿಕೊಳ್ಳಲು ಹೋಗಬೇಡಿ. ಸಂಜೆ ಟಿವಿ ನೋಡುತ್ತಾ ಮಾಸ್ಕ್ ಹಾಕಿ ಅರ್ಧ ಗಂಟೆ ಕೂತುಕೊಳ್ಳಿ. ಮೊದಲು ಬರೀ ಮಾಸ್ಕ್, ಆಮೇಲೆ ಗಾಳಿ ಬಿಟ್ಟುಕೊಂಡು. ಎರಡು ಮೂರು ದಿನ ಹೀಗೆ ಮಾಡಿ ರಾತ್ರಿಗೆ ಹೋಗಿ. ಮಲಗುವಾಗ ಕಡಿಮೆ ಒತ್ತಡದಿಂದ ನಿಧಾನಕ್ಕೆ ಏರುವ ರ‍್ಯಾಂಪ್ ಆನ್ ಇರಲಿ. ಉಸಿರು ಬಿಡಲು ಕಷ್ಟವಾದರೆ ಬಿಡುವಾಗ ಒತ್ತಡ ತಗ್ಗಿಸುವ ಸೌಲಭ್ಯ ಹಾಕಿಸಿ. ಮಧ್ಯಾಹ್ನ ಮಲಗಿದರೂ ಹಾಕಿಕೊಳ್ಳಿ.

ಬಾಯಿ ಒಣಗಿದರೆ ಬಾಯಿ ತೆರೆಯುತ್ತಿದೆ, ಗದ್ದಕ್ಕೆ ಕಟ್ಟುವ ಪಟ್ಟಿ ಅಥವಾ ಫುಲ್ ಫೇಸ್ ಯೋಚಿಸಿ. ಮೂಗು ಒಣಗಿ ರಕ್ತ ಕಂಡರೆ ಹ್ಯುಮಿಡಿಫೈಯರ್ ಏರಿಸಿ. ಹೊಟ್ಟೆ ಉಬ್ಬಿ ತೇಗು ಬಂದರೆ ಗಾಳಿ ನುಂಗುತ್ತಿದ್ದೀರಿ, ಒತ್ತಡ ನೋಡಿಸಬೇಕು. ನಡುರಾತ್ರಿ ಗೊತ್ತಿಲ್ಲದೆ ಮಾಸ್ಕ್ ಕಿತ್ತು ಹಾಕಿದ್ದರೆ ಸಾಮಾನ್ಯವಾಗಿ ಲೀಕ್, ಮೂಗು ಕಟ್ಟಿರುವುದು, ಒತ್ತಡ ಸಾಲದಿರುವುದು ಇವುಗಳಲ್ಲೊಂದು ಕಾರಣ. ಬೇಸರ ಮಾಡಿಕೊಳ್ಳದೆ ಎಚ್ಚರಾದ ಕೂಡಲೇ ಮತ್ತೆ ಹಾಕಿ.

ವಾರಕ್ಕೊಮ್ಮೆ ದಾಖಲೆ ನೋಡಿ. ರಾತ್ರಿಗೆ ಕನಿಷ್ಠ 4 ಗಂಟೆ, ಹತ್ತರಲ್ಲಿ ಏಳು ರಾತ್ರಿಯಾದರೂ ಬಳಕೆ ಆಗಿರಬೇಕು, ಅದು ತಳಮಟ್ಟ. ನಿದ್ದೆ ಮಾಡಿದಷ್ಟು ಹೊತ್ತೂ ಹಾಕಿಕೊಳ್ಳುವುದೇ ಗುರಿ. ಎಎಚ್‌ಐ 5ರ ಕೆಳಗೆ ಇಳಿದಿರಬೇಕು. ರೆಸ್‌ಮೆಡ್ ಮಷೀನಿನಲ್ಲಿ ಲೀಕ್ ನಿಮಿಷಕ್ಕೆ 24 ಲೀಟರ್ ದಾಟುತ್ತಿದ್ದರೆ ಮಾಸ್ಕ್ ಸರಿ ಕೂತಿಲ್ಲ. ಬೇರೆ ಕಂಪನಿಗಳ ಲೆಕ್ಕ ಬೇರೆ, ಅವರ ಪುಸ್ತಕ ನೋಡಿ.

ಹಂತ 9: ಡಾಕ್ಟರಿಗೆ ತಕ್ಷಣ ತೋರಿಸಬೇಕಾದ ಲಕ್ಷಣಗಳು

ಮಷೀನ್ ಬಳಸಿಯೂ ಬೆಳಿಗ್ಗೆ ತಲೆನೋವು, ಮಂಕು ಇದ್ದರೆ ಇಂಗಾಲದ ಡೈಆಕ್ಸೈಡ್ ಏರುತ್ತಿರಬಹುದು. ದಾಖಲೆಯಲ್ಲಿ ಸೆಂಟ್ರಲ್ ಎಣಿಕೆ ಗಂಟೆಗೆ 5 ದಾಟಿ ಹಾಗೇ ಮುಂದುವರಿದರೆ ಒತ್ತಡ ನೀವೇ ಏರಿಸಬೇಡಿ. ಏರಿಸಿದರೆ ಕೆಲವರಲ್ಲಿ ಅದು ಇನ್ನೂ ಹೆಚ್ಚುತ್ತದೆ. ಕಾಲು ಊತ, ಮಲಗಿದರೆ ಏದುಸಿರು, ಎದೆನೋವು ಬಂದರೆ ಮಷೀನಿನ ಸೆಟ್ಟಿಂಗ್ ನೋಡುತ್ತಾ ಕೂರಬೇಡಿ, ಆಸ್ಪತ್ರೆಗೆ ಹೋಗಿ. ಮೋಟಾರಿನ ಸದ್ದು ಬದಲಾಗಿದ್ದರೆ, ಸುಟ್ಟ ವಾಸನೆ ಬಂದರೆ, ಟ್ಯೂಬಿನಲ್ಲಿ ಕಪ್ಪು ಪುಡಿ ಕಂಡರೆ ಆ ಕ್ಷಣವೇ ಬಂದ್ ಮಾಡಿ.

ಬಿಪಿ ಇಳಿದಿದೆ ಅಂತ ಮಾತ್ರೆ ನೀವೇ ನಿಲ್ಲಿಸಬೇಡಿ. ತೂಕ ಗಮನಕ್ಕೆ ಬರುವಷ್ಟು ಇಳಿದರೆ ಅಥವಾ ಏರಿದರೆ ಒತ್ತಡ ಮತ್ತೆ ನೋಡಿಸಿ. ಯಾವುದೇ ಆಪರೇಷನ್ ಇದ್ದರೆ, ಅದು ಹಲ್ಲಿನದೇ ಆಗಿರಲಿ, ಅರಿವಳಿಕೆ ಕೊಡುವ ಡಾಕ್ಟರಿಗೆ ಸ್ಲೀಪ್ ಆಪ್ನಿಯಾ ಇದೆ ಅಂತ ಮೊದಲೇ ಹೇಳಿ, ಮಷೀನ್ ಮತ್ತು ಮಾಸ್ಕ್ ಜೊತೆಗೇ ಒಯ್ಯಿರಿ. ನಿಮ್ಮ ಒತ್ತಡ, ಮಾಸ್ಕಿನ ಬಗೆ ಮತ್ತು ಅಳತೆ ಬರೆದ ಚೀಟಿಯ ಫೋಟೊ ಮನೆಯವರ ಮೊಬೈಲಿನಲ್ಲೂ ಇರಲಿ.